ಮೂಲೆಯೂ ಕಿವಿಯೂ: ‘ಗೋಷಾ’ ಎಂಬ ಶಬ್ದದ ಅರ್ಥವಿಚಾರ



ಈ ಉಪನ್ಯಾಸದ ದತ್ತಿಯನ್ನು ಸ್ಥಾಪಿಸಿದ ಹಿರಿಯರು ತಮ್ಮ ತಾಯಿಯವರ ಹೆಸರನ್ನು ಉಳಿಸಬೇಕೆಂಬ ಇಚ್ಛೆಯಿಂದ ಒಂದು ನಿಧಿಯನ್ನಿರಿಸಿ, ವರ್ಷಕ್ಕೊಂದು ಸಲ ಕನ್ನಡದಲ್ಲಿ ಬಳಕೆಯಲ್ಲಿರುವ ಯಾವುದಾದರೂ ಒಂದು ಶಬ್ದವನ್ನು ಹಿಡಿದು ಅದರ ಅರ್ಥವನ್ನೂ ಅದು ನಡೆದುಬಂದ ದಾರಿಯನ್ನೂ ಕುರಿತು ಮಾತನಾಡಿಸಬೇಕೆಂದು ವಿಧಿಸಿದ್ದಾರೆ. ಬದುಕಿನ ಬಹುಭಾಗವನ್ನು ಮನೆಯೊಳಗೆ ಕಳೆದ ಆ ತಾಯಿಯ ಸ್ಮರಣೆಗೆ ತಕ್ಕ ಶಬ್ದ ಯಾವುದೆಂದು ಆಲೋಚಿಸುತ್ತಿದ್ದಾಗ, ಮನೆಯೊಳಗೆ ಇರಿಸಲ್ಪಟ್ಟವರನ್ನು ಸೂಚಿಸುವ ಶಬ್ದವೊಂದು ತಾನಾಗಿಯೇ ನನ್ನ ಮುಂದೆ ಬಂದು ನಿಂತಿತು. ಅದೇ ‘ಗೋಷಾ’.

ರಾಜ್ಯಗಳ ಚರಿತ್ರೆಯನ್ನು ಅರಿಯಬೇಕೆಂದಿರುವವರಿಗೆ ಶಿಲಾಶಾಸನಗಳುಂಟು, ತಾಮ್ರಪಟಗಳುಂಟು, ಬಖೈರುಗಳುಂಟು. ಮನೆಯ ನಡುವೆ, ಅಡುಗೆಯ ಕೋಣೆಯಲ್ಲಿ, ಹಿತ್ತಿಲ ಬಾಗಿಲಿನ ಹಿಂದೆ ತಲೆಮಾರುಗಳ ಕಾಲ ನಡೆದುಹೋದ ಬಾಳನ್ನು ಕುರಿತು ಕಲ್ಲು ಕೆತ್ತಿಸಿದವರು ವಿರಳ. ಆ ಬಾಳಿಗೆ ಉಳಿದಿರುವ ಸಾಕ್ಷ್ಯವೆಂದರೆ ಅದನ್ನು ಹೆಸರಿಸಿದ ಮಾತುಗಳು ಮಾತ್ರ. ಆದುದರಿಂದ ಈ ಒಂದು ಮಾತನ್ನು, ಹಳೆಯ ಮನೆಯೊಂದರ ಬಾಗಿಲನ್ನು ತೆರೆಯುವಷ್ಟೇ ಎಚ್ಚರದಿಂದ, ತೆರೆದು ನೋಡೋಣ.

1

ಬೆಂಗಳೂರಿನ ಶಿವಾಜಿನಗರದ ಕಡೆ ಓಡಾಡಿದವರು ಹಾಜಿ ಸರ್ ಇಸ್ಮಾಯಿಲ್ ಸೇಠರ ಹೆಸರನ್ನು ಹೊತ್ತ ಗೋಷಾ ಆಸ್ಪತ್ರೆಯನ್ನು ನೋಡಿಯೇ ಇರುತ್ತಾರೆ. ಅದು ಹೆಂಗಸರ ಹೆರಿಗೆಯ ಆಸ್ಪತ್ರೆಯೆಂಬುದು ಊರಿಗೆಲ್ಲ ಗೊತ್ತು. ಆದರೆ ಆ ‘ಗೋಷಾ’ ಎಂದರೇನೆಂದು ಕೇಳಿದರೆ, ಅದು ಊರ ಹೆಸರೆಂದು ಒಬ್ಬರು, ದಾನಿಯ ಮನೆತನದ ಹೆಸರೆಂದು ಇನ್ನೊಬ್ಬರು ಹೇಳುವುದನ್ನು ನಾನು ಕೇಳಿದ್ದೇನೆ. ಹಳೆಯ ತಲೆಮಾರಿನವರಿಗೆ ಮಾತ್ರ ಆ ಮಾತು ಸ್ಪಷ್ಟವಾಗಿತ್ತು. ‘ಅವರ ಮನೆಯಲ್ಲಿ ಗೋಷಾ ಉಂಟು’, ‘ಆಕೆ ಗೋಷಾದಲ್ಲಿದ್ದಾಳೆ’, ‘ಗೋಷಾ ಹೆಂಗಸರಿಗೆ ಬೇರೆ ಗಾಡಿ’ ಎಂಬ ಮಾತುಗಳು ಅವರ ಬಾಯಲ್ಲಿ ದಿನಬಳಕೆಯವು. ಪರಪುರುಷರ ಕಣ್ಣಿಗೆ ಬೀಳದಂತೆ ಹೆಂಗಸರು ಮನೆಯೊಳಗೇ ಇರತಕ್ಕದ್ದೆಂಬ ಕಟ್ಟಳೆಯೂ, ಆ ಕಟ್ಟಳೆಗೆ ಒಳಪಟ್ಟ ಹೆಂಗಸೂ, ಆಕೆಯಿರುವ ಸ್ಥಿತಿಯೂ ಈ ಒಂದೇ ಮಾತಿನಿಂದ ಹೇಳಲ್ಪಡುತ್ತಿದ್ದುವು.

ಪಾರಸಿಯಲ್ಲಿ ಈ ಮಾತಿನ ಅರ್ಥ ಅತ್ಯಂತ ಸಾಮಾನ್ಯವಾದದ್ದು. ‘ಗೋಷ’ ಎಂದರೆ ಮೂಲೆ. ಕೋಣೆಯ ಮೂಲೆ, ಬಟ್ಟೆಯ ಮೂಲೆ, ಬೀದಿಯ ಮೂಲೆ, ಎಲ್ಲಕ್ಕೂ ಅದೇ ಮಾತು. ‘ಗೋಷಾ ನಶೀನ್’ ಎಂದರೆ ಮೂಲೆಯಲ್ಲಿ ಕುಳಿತವನು ಅಥವಾ ಕುಳಿತವಳು. ಲೋಕವ್ಯಾಪಾರವನ್ನು ಬಿಟ್ಟು ಧ್ಯಾನಕ್ಕಾಗಿ ಏಕಾಂತವನ್ನು ಹಿಡಿದ ಸೂಫಿ ಸಾಧಕನನ್ನು ಆ ಮಾತಿನಿಂದ ಗೌರವಿಸುತ್ತಿದ್ದರು. ಆತನ ಪಾಲಿಗೆ ಮೂಲೆಯು ಬಯಸಿ ಪಡೆದ ಸ್ಥಾನ. ಬೇಸರವಾದ ದಿನ ಎದ್ದು ಬರಬಹುದಾದ ಸ್ಥಾನ. ಅದೇ ಮಾತು ಹೆಂಗಸಿಗೆ ಅನ್ವಯವಾದಾಗ ‘ಕುಳಿತ’ ಎಂಬುದು ಕ್ರಮೇಣ ಉದುರಿ ಮೂಲೆಯೊಂದೇ ಉಳಿಯಿತು. ಕುಳಿತುಕೊಳ್ಳುವುದು ಒಂದು ಕ್ರಿಯೆ, ಅದಕ್ಕೆ ಕರ್ತೃವುಂಟು, ಮೂಲೆಗೆ ಕರ್ತೃವಿಲ್ಲ. ದಕ್ಷಿಣದ ಬಳಕೆಯಲ್ಲಿ ಆಕೆ ಮೂಲೆಯಲ್ಲಿ ಕುಳಿತವಳಾಗಿ ಉಳಿಯದೆ, ಮೂಲೆಯೇ ಆದಳು.

ಉತ್ತರದೇಶದಲ್ಲಿ ಇದೇ ಪದ್ಧತಿಗೆ ‘ಪರದಾ’ ಎಂಬ ಹೆಸರು ನೆಲೆಯಾಯಿತು. ಪರದೆಯೆಂದರೆ ತೆರೆ, ಆ ಮಾತನ್ನು ನಾವು ಸಿನಿಮಾದ ಬೆಳ್ಳಿಯ ಪರದೆಗೂ ಕಿಟಕಿಯ ಪರದೆಗೂ ಧಾರಾಳವಾಗಿ ಬಳಸುತ್ತೇವೆ. ದಕ್ಷಿಣಾಪಥದಲ್ಲಿಯೂ ಮದರಾಸು ಪ್ರಾಂತದಲ್ಲಿಯೂ ಪ್ರಚಾರವಾದದ್ದು ‘ಗೋಷಾ’. ಯೂಲ್ ಮತ್ತು ಬರ್ನೆಲ್ ಎಂಬ ವಿದ್ವಾಂಸರು ಸಂಕಲಿಸಿದ, 1886ರಲ್ಲಿ ಪ್ರಕಟವಾದ ‘ಹಾಬ್ಸನ್-ಜಾಬ್ಸನ್’ ಎಂಬ ಪ್ರಸಿದ್ಧ ಕೋಶದಲ್ಲಿ ಈ ಎರಡು ಮಾತುಗಳ ಸಮಾನಾರ್ಥವನ್ನು ಗುರುತಿಸಲಾಗಿದೆ. ಅವರಲ್ಲಿ ಬರ್ನೆಲ್ಲನು ಮಂಗಳೂರಿನಲ್ಲಿ ನ್ಯಾಯಾಧಿಕಾರಿಯಾಗಿದ್ದು ತುಳುವರ ಭೂತಾರಾಧನೆಯ ಪಾಡ್ದನಗಳನ್ನು ಸಂಗ್ರಹಿಸಿದವನೆಂಬುದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು. ಸಮಾನಾರ್ಥಕಗಳಾದರೂ ಇವೆರಡರ ನಿಲುವು ಒಂದೇ ಅಲ್ಲ. ಪರದೆಯು ಹೊರಗೆ ನಿಂತು ನೋಡುವವನಿಗೆ ಕಾಣುವ ವಸ್ತು. ಅವನ ದೃಷ್ಟಿಗೆ ಅಡ್ಡವಾದದ್ದನ್ನು ಅವನು ಹೆಸರಿಸಿದ್ದಾನೆ. ಮೂಲೆಯಾದರೋ ಒಳಗಿದ್ದವಳು ಇರುವ ಜಾಗ. ಅವಳ ಬೆನ್ನಿಗೆ ತಾಗುವ ಎರಡು ಗೋಡೆಗಳು ಅದರಲ್ಲಿವೆ. ಒಳಗಿನ ಬಾಳನ್ನು ಒಳಗಿನಿಂದ ಹೇಳುವ ಮಾತು ಇದಾದುದರಿಂದಲೇ ನನಗೆ ಇದರಲ್ಲಿ ಹೆಚ್ಚಿನ ಆಸ್ಥೆ.

ಈ ಮಾತು ಕನ್ನಡಕ್ಕೆ ಬಂದದ್ದರಲ್ಲಿ ವಿಸ್ಮಯವಿಲ್ಲ. 1347ರಲ್ಲಿ ಬಹಮನಿ ರಾಜ್ಯವು ಕಲಬುರ್ಗಿಯಲ್ಲಿ ನೆಲೆಗೊಂಡಂದಿನಿಂದ 1686ರಲ್ಲಿ ವಿಜಾಪುರವು ಮೊಗಲರ ವಶವಾಗುವವರೆಗೆ, ಮೂರು ಶತಮಾನಗಳಿಗೂ ಮಿಕ್ಕಿ, ಪಾರಸಿಯು ಈ ನೆಲದ ಆಸ್ಥಾನಗಳ ಭಾಷೆಗಳಲ್ಲೊಂದಾಗಿತ್ತು. ಜಮೀನು, ದಸ್ತಾವೇಜು, ಅರ್ಜಿ ಮೊದಲಾದ ಮಾತುಗಳನ್ನು ನಮ್ಮವಲ್ಲವೆಂದು ಇಂದು ಯಾವ ರೈತನೂ ಭಾವಿಸುವುದಿಲ್ಲ. ಅವುಗಳ ಜೊತೆಯಲ್ಲಿಯೇ ಗೋಷಾ ಎಂಬುದೂ ಬಂದು ಸೇರಿತು.

2

ಮಾತು ಹೊರಗಿನಿಂದ ಬಂದುದರಿಂದ ಅದು ಹೇಳುವ ಸ್ಥಿತಿಯೂ ಹೊರಗಿನದೇ, ಅದು ಮುಸಲ್ಮಾನರ ಮನೆಗಳಿಗೆ ಮಾತ್ರ ಸಂಬಂಧಿಸಿದ್ದು, ನಮಗೂ ಅದಕ್ಕೂ ಸಂಬಂಧವಿಲ್ಲವೆಂದು ತಿಳಿಯುವ ಅಭ್ಯಾಸವೊಂದುಂಟು. ಆ ಅಭ್ಯಾಸವನ್ನು ಅಲ್ಲಗಳೆಯುವುದಕ್ಕೆ ನಮ್ಮ ಕನ್ನಡದ ‘ಮೂಲೆ’ಯೇ ಸಾಕು. ತಮಿಳಿನಲ್ಲಿ ‘ಮೂಲೈ’, ತೆಲುಗಿನಲ್ಲಿ ‘ಮೂಲ’, ತುಳುವಿನಲ್ಲಿ ‘ಮೂಲೆ’ ಎಂದಿರುವ ಈ ಶಬ್ದವು ಅಚ್ಚ ದ್ರಾವಿಡದ್ದು. ಬೇರು ಎಂಬರ್ಥದ ಸಂಸ್ಕೃತದ ‘ಮೂಲ’ಕ್ಕೂ ಇದಕ್ಕೂ ನಂಟಿಲ್ಲ. ಇದರ ಸುತ್ತ ಬೆಳೆದ ನುಡಿಗಟ್ಟುಗಳನ್ನು ನೋಡಿರಿ. ಕಾಯಿಲೆಯಿಂದ ಏಳಲಾರದವನು ‘ಮೂಲೆ ಹಿಡಿದ’. ಕೆಲಸಕ್ಕೆ ಬಾರದ್ದು ‘ಮೂಲೆಗೆ ಬಿತ್ತು’. ಮಾನ್ಯತೆ ಕಳೆದುಕೊಂಡವನು ‘ಮೂಲೆಗುಂಪಾದ’. ಗಂಡನನ್ನು ಕಳೆದುಕೊಂಡವಳು ‘ಮೂಲೆ ಸೇರಿದಳು’. ಹಿಂದೆ ಮೈನೆರೆದ ಹುಡುಗಿಯನ್ನು ಕೂರಿಸುತ್ತಿದ್ದದ್ದೂ ಮೂಲೆಯಲ್ಲಿಯೇ. ಪಾರಸಿಯ ಮಾತನ್ನು ಎಂದೂ ಕೇಳದಿದ್ದ ಮನೆಗಳಲ್ಲಿ ಕೂಡ ಅದೇ ಅರ್ಥದ ಕನ್ನಡದ ಮಾತು ಅದೇ ಕೆಲಸವನ್ನು ಮಾಡುತ್ತಿತ್ತು. ಗೋಡೆ ಎರಡು ಕೂಡುವೆಡೆಯಲ್ಲಿ ಹೆಣ್ಣನ್ನು ಇರಿಸುವ ಪದ್ಧತಿಗೆ ಮತಭೇದವಿರಲಿಲ್ಲ.

ಭೇದವಿದ್ದದ್ದು ಬೇರೊಂದು ಕಡೆ. ಗದ್ದೆಯಲ್ಲಿ ನಾಟಿ ಹಾಕುವವಳಿಗೆ, ಸಂತೆಗೆ ಸೊಪ್ಪು ಹೊರುವವಳಿಗೆ, ಕಲ್ಲು ಒಡೆಯುವವಳಿಗೆ ಗೋಷಾ ಎಂದೂ ಇರಲಿಲ್ಲ. ಆಕೆಯ ದುಡಿಮೆಯಿಲ್ಲದೆ ಆ ಮನೆಯ ಒಲೆ ಉರಿಯುತ್ತಿರಲಿಲ್ಲ. ಹೆಂಗಸನ್ನು ಕೂರಿಸಿ ಊಟ ಹಾಕಬಲ್ಲೆವೆಂಬುದನ್ನು ಊರಿಗೆ ಸಾರಿ ಹೇಳುವ ಲಾಂಛನವಾಗಿಯೂ ಗೋಷಾ ನಡೆಯಿತು. ಸ್ಥಿತಿವಂತಿಕೆಯು ಒಂದು ಮೆಟ್ಟಿಲು ಏರಿದೊಡನೆ ಹೆಂಗಸು ಒಂದು ಕೋಣೆ ಹಿಂದಕ್ಕೆ ಸರಿಯಬೇಕಾಗುತ್ತಿತ್ತು.

ಸಂಸ್ಕೃತದ ಕಡೆಗೆ ತಿರುಗಿದರೆ ಅಲ್ಲಿಯೂ ಇದೇ ಕಥೆ. ರಾಣೀವಾಸಕ್ಕೆ ‘ಅಂತಃಪುರ’ವೆಂಬ ಹೆಸರು ನಮಗೆ ಪರಿಚಿತ, ಅದು ಕೇವಲ ‘ಒಳಗಿನ ಊರು’. ಅದರ ಪರ್ಯಾಯವಾದ ‘ಅವರೋಧ’ವು ಇನ್ನೂ ನಿಚ್ಚಳವಾದದ್ದು. ‘ರುಧ್’ ಎಂದರೆ ತಡೆ. ವಿರೋಧ, ನಿರೋಧ, ಅವರೋಧ ಎಲ್ಲವೂ ಅದರ ಮಕ್ಕಳು. ಅಂದರೆ ತಡೆಯೇ ಮನೆಯ ಹೆಸರಾಯಿತು. ಗಿರ್ನಾರಿನ ಬಂಡೆಯ ಮೇಲೆ ಅಶೋಕನು ಬರೆಯಿಸಿದ ಆರನೆಯ ಶಾಸನದಲ್ಲಿ ಈ ಮಾತು ‘ಓರೋಧನ’ವೆಂಬ ಪ್ರಾಕೃತರೂಪದಲ್ಲಿ ಬರುತ್ತದೆ. ತಾನು ಊಟದಲ್ಲಿರಲಿ, ಓರೋಧನದಲ್ಲಿರಲಿ, ಉದ್ಯಾನದಲ್ಲಿರಲಿ, ಪ್ರಜೆಗಳ ಕಾರ್ಯವನ್ನು ತನಗೆ ನಿವೇದಿಸಬೇಕೆಂಬುದು ಆ ಸಾಮ್ರಾಟನ ಆಜ್ಞೆ. ಆಜ್ಞೆಯ ಹಿರಿಮೆಗೆ ನಾವು ತಲೆಬಾಗುತ್ತೇವೆ. ಆದರೂ ಒಂದು ವಿಷಯ ನಮ್ಮ ಗಮನಕ್ಕೆ ಬರಬೇಕು. ಅರಸನಿಗೆ ಓರೋಧನವೆಂಬುದು ಊಟದಂತೆ, ಉದ್ಯಾನದಂತೆ, ಹೋಗಿ ಬರುವ ಒಂದು ಸ್ಥಳ. ಪ್ರಜೆಗಳ ಸುದ್ದಿ ಅದರೊಳಕ್ಕೆ ಹೋಗಬಹುದಾಗಿತ್ತು. ಅದರೊಳಗಿದ್ದವರ ಸುದ್ದಿ ಹೊರಕ್ಕೆ ಬರುವುದಕ್ಕೆ ಅಂಥದೊಂದು ಆಜ್ಞೆಯಿದ್ದಂತೆ ಆ ಬಂಡೆ ಹೇಳುವುದಿಲ್ಲ.

ಪಾಣಿನಿಯ ಸೂತ್ರವೊಂದು (3.2.36) ‘ಅಸೂರ್ಯಂಪಶ್ಯ’ ಎಂಬ ರೂಪವನ್ನು ಸಾಧಿಸುತ್ತದೆ. ಸೂರ್ಯನನ್ನೂ ಕಾಣದವಳೆಂದು ಅದರ ಅರ್ಥ. ವೃತ್ತಿಕಾರರು ಅದಕ್ಕೆ ಕೊಡುವ ಉದಾಹರಣೆ ರಾಜಪತ್ನಿಯರದು. ವ್ಯಾಕರಣದ ದೃಷ್ಟಿಯಿಂದ ಇದು ವಿಲಕ್ಷಣವಾದ ಸಮಾಸ. ‘ಅ’ ಎಂಬ ನಿಷೇಧವು ಸೇರಿರುವುದು ಸೂರ್ಯನಿಗೆ, ಅನ್ವಯಿಸಬೇಕಾದದ್ದು ನೋಡುವುದಕ್ಕೆ. ಪದಗಳ ಪರಸ್ಪರ ಸಾಮರ್ಥ್ಯವಿಲ್ಲದೆ ಸಮಾಸವಾಗಕೂಡದೆಂಬ ಸಾಮಾನ್ಯ ನಿಯಮವು ಇಲ್ಲಿ ಸಡಿಲವಾಗಿದೆ. ಆ ಹೆಂಗಸರನ್ನು ಹೆಸರಿಸುವುದಕ್ಕಾಗಿ ಶಾಸ್ತ್ರವು ತನ್ನ ಕಟ್ಟನ್ನು ಸಡಿಲಿಸಿತು. ಅರಮನೆಯ ಕಟ್ಟು ಮಾತ್ರ ಇದ್ದಂತೆಯೇ ಇತ್ತು.

ಇದಕ್ಕಿಂತಲೂ ಹಳೆಯದಾದ ಒಂದು ಮಾತು ಋಗ್ವೇದದಲ್ಲಿದೆ: ‘ಅಮಾಜುರ್’. ‘ಅಮಾ’ ಎಂದರೆ ಮನೆಯಲ್ಲಿ, ಒಟ್ಟಿಗೆ. ‘ಜುರ್’ ಎಂಬುದು ಮುಪ್ಪಾಗುವುದು, ಜರಾ ಎಂಬಲ್ಲಿರುವ ಧಾತುವಿನದೇ ರೂಪ. ಮದುವೆಯಿಲ್ಲದೆ ತಂದೆಯ ಮನೆಯಲ್ಲಿಯೇ ಮುಪ್ಪಾದವಳು ಅಮಾಜುರ್. ಈ ‘ಅಮಾ’ ನಮಗೆ ಅಪರಿಚಿತವಲ್ಲ. ಸೂರ್ಯಚಂದ್ರರು ಒಟ್ಟಿಗೆ ವಾಸಮಾಡುವ ತಿಥಿ ‘ಅಮಾವಾಸ್ಯೆ’ಯಾದದ್ದು ಅದರಿಂದಲೇ. ಅರಸನ ಮನೆಯವನಾಗಿ, ಬಳಿಯಲ್ಲಿದ್ದವನು ‘ಅಮಾತ್ಯ’ನಾದದ್ದೂ ಅದರಿಂದಲೇ. ಮನೆಯೊಳಗೆ ಇರುವುದೆಂಬ ಒಂದೇ ಬೀಜದಿಂದ ಗಂಡಿಗೆ ಮಂತ್ರಿಪದವಿ ಹುಟ್ಟಿತು; ಹೆಣ್ಣಿಗೆ ಹುಟ್ಟಿದ್ದು ಮುಪ್ಪು. ಇವೆರಡು ಶಬ್ದಗಳನ್ನು ಅಕ್ಕಪಕ್ಕದಲ್ಲಿ ಇರಿಸಿ ನೋಡಿದ ದಿನ ನನಗೆ ಬಹಳ ಹೊತ್ತು ಬೇರೆ ಕೆಲಸ ಮಾಡಲಾಗಲಿಲ್ಲ.

3

ಇನ್ನು ಗೋಷಾ ಶಬ್ದದ ಮೂಲಕ್ಕೆ ಬರೋಣ. ಮೂಲೆಯೆಂಬ ಅರ್ಥವುಳ್ಳ ಪಾರಸಿಯ ‘ಗೋಷ’ವು ಹುಟ್ಟಿರುವುದು ‘ಗೋಷ್’ ಎಂಬುದರಿಂದ. ‘ಗೋಷ್’ ಎಂದರೆ ಕಿವಿ. ಹಿಂದಿಯಲ್ಲಿ ಮೊಲಕ್ಕೆ ‘ಖರಗೋಷ್’ ಎನ್ನುವುದನ್ನು ನೀವು ಕೇಳಿರುವಿರಿ. ಖರವೆಂದರೆ ಕತ್ತೆ, ಗೋಷ್ ಎಂದರೆ ಕಿವಿ, ಕತ್ತೆಗಿವಿಯ ಪ್ರಾಣಿ ಎಂದರ್ಥ. ನಮ್ಮ ಕಚೇರಿಗಳಲ್ಲಿ ಲೆಕ್ಕದ ಸಾರಾಂಶಕ್ಕೆ ‘ಗೋಷ್ವಾರೆ’ ಎಂಬ ಮಾತುಂಟು. ಪಾರಸಿಯಲ್ಲಿ ‘ಗೋಷ್ವಾರ’ವು ಮೊದಲು ಕಿವಿಯ ಆಭರಣ, ಆಮೇಲೆ ಲೆಕ್ಕದ ಸಂಕ್ಷೇಪ. ಕಿವಿಯಿಂದ ಮೂಲೆಗೆ ಅರ್ಥವು ಹೇಗೆ ಹಾಯಿತೆಂಬುದಕ್ಕೆ ದೂರ ಹೋಗಬೇಕಾದುದಿಲ್ಲ. ಕಡಾಯಿಯ ಅಂಚಿನಲ್ಲಿ ಹೊರಕ್ಕೆ ಚಾಚಿರುವ ಹಿಡಿಯನ್ನು ನಾವು ಅದರ ಕಿವಿಯೆನ್ನುತ್ತೇವೆ. ಶಾಲೆಯ ಮಕ್ಕಳು ಪುಸ್ತಕದ ಹಾಳೆಯ ಮಡಿಸಿದ ಮೂಲೆಯನ್ನು ನಾಯಿಕಿವಿಯೆನ್ನುತ್ತಾರೆ. ತಲೆಯ ಎರಡು ಬದಿಗೆ ಚಾಚಿದ ಕಿವಿಯು ಯಾವುದೇ ವಸ್ತುವಿನ ಬದಿಗೆ ಚಾಚಿದ ತುದಿಗೆ ಹೆಸರಾಗುವುದು ಸಹಜವಾದ ಲಕ್ಷಣೆ.

ಇರಾನಿನ ಹಳೆಯ ಭಾಷೆಗಳಲ್ಲಿ ಈ ಕಿವಿಯನ್ನು ಹಿಂಬಾಲಿಸಬಹುದು. ಕ್ರಿಸ್ತಪೂರ್ವ ಆರನೆಯ ಶತಮಾನದ ಕೊನೆಯಲ್ಲಿ ದಾರಯವಹು ಚಕ್ರವರ್ತಿಯು ಬೆಹಿಸ್ತೂನದ ಬೆಟ್ಟದ ಮೇಲೆ ಕೆತ್ತಿಸಿದ ಶಾಸನದಲ್ಲಿ, ತನಗೆ ತಿರುಗಿಬಿದ್ದವನ ಮೂಗನ್ನೂ ಕಿವಿಗಳನ್ನೂ ನಾಲಗೆಯನ್ನೂ ಕತ್ತರಿಸಿದೆನೆಂದು ಹೇಳುವೆಡೆಯಲ್ಲಿ ‘ಗೌಷ’ ಎಂಬ ರೂಪವಿದೆ. ಅವೆಸ್ತಾದಲ್ಲಿ ‘ಗಓಷ’ ಎಂದಿದೆ, ಕೇಳುವುದೆಂಬ ಅರ್ಥದ ಧಾತುವೂ ಇದೆ. ಇದರ ಸೋದರ ಸಂಸ್ಕೃತದಲ್ಲಿ ಯಾವುದೆಂದರೆ ‘ಘೋಷ’. ಧ್ವನಿ, ಕೂಗು, ಉದ್ಘೋಷ. ಒಂದೇ ಧಾತುವು ಇರಾನಿನ ಕಡೆ ಕೇಳುವವನ ಪಕ್ಷವನ್ನು ವಹಿಸಿತು, ನಮ್ಮ ಕಡೆ ನುಡಿಯುವವನ ಪಕ್ಷವನ್ನು. ಅಲ್ಲಿ ಕಿವಿಯಾದದ್ದು ಇಲ್ಲಿ ದನಿಯಾಯಿತು.

ಕನ್ನಡದಲ್ಲಿ ಅನೇಕರು ಈ ಮಾತನ್ನು ಮಹಾಪ್ರಾಣದಿಂದ ‘ಘೋಷಾ’ ಎಂದು ಬರೆಯುತ್ತಾರೆ. ಪತ್ರಿಕೆಗಳಲ್ಲಿಯೂ ಹಾಗೆ ಅಚ್ಚಾಗುತ್ತದೆ. ಪಾರಸಿಯ ರೂಪವನ್ನು ನೋಡಿದರೆ ಅದು ಅಶುದ್ಧವೇ ಸರಿ, ಅಲ್ಪಪ್ರಾಣವೇ ಇರತಕ್ಕದ್ದು. ಆದರೂ ಆ ತಪ್ಪು ಬರವಣಿಗೆಯು, ತಿಳಿಯದೆಯೇ, ಸಾವಿರಾರು ವರ್ಷಗಳ ಹಿಂದೆ ಅಗಲಿದ ಸೋದರರನ್ನು ಒಂದುಗೂಡಿಸುತ್ತದೆ. ಅಷ್ಟೇ ಅಲ್ಲ, ಅದು ಒಬ್ಬ ವ್ಯಕ್ತಿಯನ್ನೂ ನಮ್ಮ ಮುಂದೆ ತಂದು ನಿಲ್ಲಿಸುತ್ತದೆ.

ಘೋಷಾ ಎಂಬುದು ಋಗ್ವೇದದ ಒಬ್ಬ ಋಷಿಕೆಯ ಹೆಸರು. ಆಕೆ ಕಕ್ಷೀವಂತನ ಮಗಳು. ಹತ್ತನೆಯ ಮಂಡಲದ 39 ಮತ್ತು 40ನೆಯ ಸೂಕ್ತಗಳು ಆಕೆಯವು. ಚರ್ಮರೋಗದಿಂದ ಪೀಡಿತಳಾಗಿ, ಮದುವೆಯಾಗದೆ, ತಂದೆಯ ಮನೆಯಲ್ಲಿಯೇ ಆಕೆಗೆ ವಯಸ್ಸಾಯಿತೆಂದು ಸಂಪ್ರದಾಯವು ಹೇಳುತ್ತದೆ. ಆಕೆಯ ವಿಷಯವನ್ನು ಹೇಳುವ ಮೊದಲನೆಯ ಮಂಡಲದ ಮಂತ್ರವೊಂದರಲ್ಲಿ (1.117.7) ‘ಪಿತೃಷದ್’ ಎಂಬ ವಿಶೇಷಣವಿದೆ: ತಂದೆಯ ಮನೆಯಲ್ಲಿ ಕುಳಿತವಳು. ‘ಗೋಷಾ ನಶೀನ್’ ಎಂಬುದರಲ್ಲಿರುವ ‘ಕುಳಿತ’ವೇ ಇಲ್ಲಿಯೂ. ನಾನು ಆಗ ಹೇಳಿದ ‘ಅಮಾಜುರ್’ ಎಂಬ ಮಾತು ವೇದದಲ್ಲಿ ಬರುವ ಸ್ಥಳಗಳಲ್ಲೊಂದು ಈ ಘೋಷೆಯದೇ ಸೂಕ್ತ. ಮನೆಯಲ್ಲಿ ಮುಪ್ಪಾಗುವವರಿಗೆ ಅದೃಷ್ಟವಾಗಿ ಒದಗುವವರು, ಹಿಂದೆ ಬಿದ್ದವರನ್ನು ಕಾಯುವವರು ನೀವು ಎಂದು ಆಕೆ ಅಶ್ವಿನೀದೇವತೆಗಳನ್ನು ಕರೆಯುತ್ತಾಳೆ. ತನ್ನ ಸ್ಥಿತಿಯ ಹೆಸರನ್ನು ತಾನೇ ಉಚ್ಚರಿಸಿ, ಅದನ್ನು ಪ್ರಾರ್ಥನೆಯನ್ನಾಗಿ ಮಾಡಿದ ಆ ಹೆಂಗಸಿನ ದನಿ ಇಂದಿಗೂ ಪಾಠದಲ್ಲಿ ಉಳಿದಿದೆ. ಆಕೆಯ ಹೆಸರೇ ದನಿ.

ಇರಾನಿನಲ್ಲಿಯೂ ಮೂಲೆಯು ಮೌನವಾಗಿಯೇ ಉಳಿಯಲಿಲ್ಲವೆಂಬುದನ್ನು ಇಲ್ಲಿ ಸೇರಿಸಬೇಕು. ಅಲ್ಲಿಯ ಶಾಸ್ತ್ರೀಯ ಸಂಗೀತದಲ್ಲಿ, ಗುರುವಿನ ಬಾಯಿಂದ ಶಿಷ್ಯನು ಕಲಿಯುವ ಒಂದೊಂದು ಸ್ವರವಿನ್ಯಾಸಕ್ಕೂ ‘ಗೂಷೆ’ ಎಂದು ಹೆಸರು. ಅದೇ ಶಬ್ದ, ಅದೇ ಮೂಲೆ. ಹಾಡಿನ ದೊಡ್ಡ ಮನೆಯಲ್ಲಿ ಒಂದೊಂದು ಮೂಲೆ ಒಂದೊಂದು ರಾಗಚ್ಛಾಯೆಯನ್ನು ಕಾಪಾಡಿಕೊಂಡು ಬಂದಿದೆ.

4

ಕಿವಿಯೂ ಮೂಲೆಯೂ ಒಂದೇ ಮಾತಿನಲ್ಲಿ ಸೇರಿರುವುದನ್ನು ಕೋಶದಲ್ಲಿ ಓದುವುದಕ್ಕೆ ಎಷ್ಟೋ ವರ್ಷ ಮೊದಲು ನಾನು ಅದನ್ನು ನಮ್ಮ ಮನೆಯಲ್ಲಿಯೇ ಕಂಡಿದ್ದೆ. ಅದನ್ನು ಇಲ್ಲಿ ಹೇಳಲು ಅಪ್ಪಣೆಯಾಗಬೇಕು.

ನನ್ನ ತಂದೆಯ ಅಕ್ಕನಿಗೆ ಹನ್ನೆರಡನೆಯ ವಯಸ್ಸಿನಲ್ಲಿಯೇ ವೈಧವ್ಯ ಬಂದಿತ್ತು. ನಾನು ಕಾಣುವ ಹೊತ್ತಿಗೆ ಆಕೆಗೆ ಅರವತ್ತು ದಾಟಿತ್ತು. ನಡುಮನೆಯಲ್ಲಿ, ಬೆಳಕಿಂಡಿಯಿಂದ ಬಿಸಿಲು ಬಿದ್ದು ಸರಿಯುವ ಒಂದು ಮೂಲೆ ಆಕೆಯದು. ಅಲ್ಲಿ ಒಂದು ಮಣೆ, ಹತ್ತಿಯ ಬುಟ್ಟಿ, ವಿಭೂತಿಯ ಬಟ್ಟಲು. ಬೆರಳಿಗೆ ವಿಭೂತಿ ಹಚ್ಚಿಕೊಂಡು ಆಕೆ ದಿನವೆಲ್ಲ ಬತ್ತಿ ಹೊಸೆಯುತ್ತಿದ್ದಳು. ಗೋಡೆಯ ಆಚೆಗೆ ಜಗಲಿ. ಬೆಳಗಿನ ಹೊತ್ತು ತಾತನವರು ನಮ್ಮನ್ನು ಜಗಲಿಯಲ್ಲಿ ಕೂರಿಸಿಕೊಂಡು ಅಮರಕೋಶವನ್ನು ಬಾಯಿಪಾಠ ಮಾಡಿಸುತ್ತಿದ್ದರು. ಅದಕ್ಕೆ ಮುಂಚೆ ನನ್ನ ತಂದೆಗೆ, ಚಿಕ್ಕಪ್ಪಂದಿರಿಗೆ, ಸೋದರಮಾವನ ಮಕ್ಕಳಿಗೆ ಅದೇ ಜಗಲಿಯಲ್ಲಿ ಅದೇ ಪಾಠ ನಡೆದಿತ್ತು.

ಒಂದು ದಿನ ಪುರವರ್ಗವನ್ನು ಒಪ್ಪಿಸುತ್ತಿದ್ದೆ. ರಾಜರ ಸ್ತ್ರೀಯರ ನಿವಾಸಕ್ಕಿರುವ ಹೆಸರುಗಳು ಬಂದುವು. ಅಂತಃಪುರವಾಯಿತು, ಅವರೋಧನವಾಯಿತು, ಶುದ್ಧಾಂತವಾಯಿತು. ಅಲ್ಲಿಗೆ ನನ್ನ ನಾಲಗೆ ನಿಂತಿತು. ತಾತನವರು ಕಾದರು. ನಾನು ನೆಲ ನೋಡಿದೆ. ಆಗ ಗೋಡೆಯ ಆಚೆಯಿಂದ, ತಗ್ಗಿದ ಆದರೆ ಸ್ವಲ್ಪವೂ ತಡವರಿಸದ ಸ್ವರದಲ್ಲಿ, ‘ಅವರೋಧ’ ಎಂದು ಕೇಳಿಸಿತು. ತಾತನವರು ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ ಅತ್ತ ತಿರುಗದೆಯೆ ‘ಮುಂದೆ’ ಎಂದರು.

ಮಧ್ಯಾಹ್ನ ನಾನು ಆಕೆಯ ಹತ್ತಿರ ಹೋಗಿ, ‘ಅತ್ತೆ, ನಿನಗೆ ಹೇಗೆ ಬರುತ್ತೆ?’ ಎಂದು ಕೇಳಿದೆ. ‘ನೀವೆಲ್ಲ ಬಾಯಲ್ಲಿ ಕಲಿತಿರಿ, ನಾನು ಕಿವಿಯಲ್ಲಿ ಕಲಿತೆ’ ಎಂದಳು. ಆಕೆಗೆ ಮೂರು ಕಾಂಡಗಳೂ ಬರುತ್ತಿದ್ದುವೆಂದು ಆ ಮೇಲೆ ತಿಳಿಯಿತು. ಅಕ್ಷರ ಒಂದೂ ಬರುತ್ತಿರಲಿಲ್ಲ. ಅರ್ಥವನ್ನು ಯಾರೂ ಹೇಳಿರಲಿಲ್ಲ. ‘ಅವರೋಧ ಅಂದರೇನು?’ ಎಂದು ನನ್ನನ್ನೇ ಕೇಳಿದಳು. ನನಗೆ ಗೊತ್ತಿದ್ದಷ್ಟನ್ನು ಹೇಳಿದೆ: ಹೆಂಗಸರು ಒಳಗಿರುವ ಮನೆ, ಹೊರಗೆ ಬರದ ಹಾಗೆ ಕಟ್ಟಿದ್ದು. ಆಕೆ ಹೊಸೆದ ಬತ್ತಿಯನ್ನು ಬುಟ್ಟಿಗೆ ಹಾಕಿ, ಇನ್ನೊಂದು ಎಳೆ ಹತ್ತಿಯನ್ನು ತೆಗೆದುಕೊಂಡಳು.

5

ಮೂಲೆಯಲ್ಲಿದ್ದವರು ಕೇಳಿಸಿಕೊಂಡದ್ದೆಲ್ಲ ಹೀಗೆ ಬುಟ್ಟಿಯ ತಳಕ್ಕೆ ಸೇರಿಹೋದದ್ದೇ ಹೆಚ್ಚು. ಆದರೂ ಕೆಲವು ಸಲ ಅದು ಹೊರಕ್ಕೆ ಬಂದಿತು. 1595ರಲ್ಲಿ ಅಹಮದನಗರವನ್ನು ಮುತ್ತಿದ ಮೊಗಲ್ ಸೈನ್ಯವು ಕೋಟೆಯ ಗೋಡೆಯನ್ನು ಸಿಡಿಸಿದಾಗ, ವಿಜಾಪುರದ ಆದಿಲಶಾಹಿಯ ರಾಣಿಯಾಗಿ ಅಲ್ಲಿಯ ಆಡಳಿತವನ್ನು ನೋಡಿದ್ದ ಚಾಂದಬೀಬಿಯು, ಮುಸುಕನ್ನು ತೆಗೆಯದೆ, ಕೈಯಲ್ಲಿ ಖಡ್ಗ ಹಿಡಿದು ಆ ಬಿರುಕಿನಲ್ಲಿ ಬಂದು ನಿಂತಳೆಂದು ಇತಿಹಾಸಕಾರ ಫರಿಷ್ತನು ಬರೆದಿದ್ದಾನೆ. ನಂಜನಗೂಡಿನ ತಿರುಮಲಾಂಬಾ ಅವರು ಬಾಲ್ಯದಲ್ಲಿಯೇ ವಿಧವೆಯಾಗಿ ತಂದೆಯ ಮನೆಗೆ ಮರಳಿದವರು. ಆ ಮನೆಯಲ್ಲಿಯೇ ಓದಿ, ಬರೆದು, ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನೂ ‘ಕರ್ನಾಟಕ ನಂದಿನಿ’ ಎಂಬ ಪತ್ರಿಕೆಯನ್ನೂ ನಡೆಸಿದರು. ಪಿತೃಷದ್ ಎಂಬ ವೇದದ ವಿಶೇಷಣವನ್ನು ಅವರಿಗೂ ಸಲ್ಲಿಸಬಹುದು. ಘೋಷಾ ಎಂಬ ಹೆಸರನ್ನೂ ಸಲ್ಲಿಸಬಹುದು.

ವಂಗದೇಶದಲ್ಲಿ ಗೋಷಾ ಪದ್ಧತಿಗೆ ನಮ್ಮ ಅಮರಕೋಶದ ‘ಅವರೋಧ’ವೇ ಹೆಸರಾಗಿ ನಿಂತಿದೆ. ಬೇಗಂ ರೊಕೆಯಾ (1880-1932) ತಮ್ಮ ಪುಸ್ತಕಕ್ಕೆ ಇಟ್ಟ ಹೆಸರು ‘ಅವರೋಧವಾಸಿನಿ’. 1931ರಲ್ಲಿ ಪ್ರಕಟವಾದ ಅದರಲ್ಲಿ 47 ಘಟನೆಗಳಿವೆ. ಅವುಗಳಲ್ಲೊಂದರಲ್ಲಿ ರೈಲು ಹತ್ತುವಾಗ ಬುರ್ಖಾ ತೊಡರಿ ಗಾಡಿಗೂ ನಿಲ್ದಾಣದ ಕಟ್ಟೆಗೂ ನಡುವೆ ಬಿದ್ದ ಗೃಹಿಣಿಯೊಬ್ಬಳನ್ನು ಎತ್ತಲು ಕೂಲಿಗಳು ಬಂದರೆ, ಪರಪುರುಷರು ಮುಟ್ಟಕೂಡದೆಂದು ಜೊತೆಯ ದಾಸಿ ತಡೆಯುತ್ತಾಳೆ, ಒಬ್ಬಳಿಂದ ಎತ್ತಲಾಗುವುದಿಲ್ಲ, ಗಾಡಿ ಹೊರಡುತ್ತದೆ. ಈ ಸಂಗತಿಯನ್ನು ರೊಕೆಯಾ ಅವರು ಎತ್ತರದ ಮಾತಿಲ್ಲದೆ ಹೇಳಿ ಮುಗಿಸುತ್ತಾರೆ. ಓದಿದವರಿಗೆ ‘ತಡೆ’ ಎಂಬ ಧಾತ್ವರ್ಥವು ಬರಿಯ ಪುಸ್ತಕದ ಅರ್ಥವಾಗಿ ಉಳಿಯುವುದಿಲ್ಲ.

ಕೊನೆಯದಾಗಿ ಆಸ್ಪತ್ರೆಗಳ ವಿಷಯ. ಮದರಾಸಿನ ಬ್ಯಾರಿಸ್ಟರ್ ಒಬ್ಬರ ಪತ್ನಿಯಾದ ಮೇರಿ ಶಾರ್ಲೀಬ್ ಎಂಬಾಕೆ, ಗಂಡಸು ವೈದ್ಯರ ಬಳಿಗೆ ಹೋಗಲಾರದ ಹೆಂಗಸರು ಹೆರಿಗೆಯಲ್ಲಿ ಪಡುತ್ತಿದ್ದ ಸಂಕಟವನ್ನು ಕೇಳಿ ತಿಳಿದು, 1875ರಲ್ಲಿ ಮದರಾಸಿನ ವೈದ್ಯಕೀಯ ಕಾಲೇಜನ್ನು ಸೇರಿದ ಮೊದಲ ನಾಲ್ವರು ಸ್ತ್ರೀಯರಲ್ಲಿ ಒಬ್ಬರಾದರು. ಲಂಡನ್ನಿನಲ್ಲಿ ಓದು ಮುಂದುವರಿಸಿ, ಹಿಂದಿರುಗಿ, 1885ರಲ್ಲಿ ಆಸ್ಪತ್ರೆಯೊಂದನ್ನು ತೆರೆಯಲು ಕಾರಣರಾದರು. ‘ವಿಕ್ಟೋರಿಯಾ ಕ್ಯಾಸ್ಟ್ ಅಂಡ್ ಗೋಷಾ ಹಾಸ್ಪಿಟಲ್’ ಎಂಬುದು ಅದರ ಹೆಸರು. ಇಂದು ಅದು ಕಸ್ತೂರಬಾ ಗಾಂಧಿ ಆಸ್ಪತ್ರೆ. ಆ ಹಳೆಯ ಹೆಸರನ್ನು ನಿಧಾನವಾಗಿ ಓದಬೇಕು. ‘ಕ್ಯಾಸ್ಟ್’ ಎಂದದ್ದು ಮೇಲುಜಾತಿಯ ಹಿಂದೂ ಹೆಂಗಸರಿಗೆ, ‘ಗೋಷಾ’ ಎಂದದ್ದು ಮುಸಲ್ಮಾನ ಹೆಂಗಸರಿಗೆ. ಎರಡು ಬಗೆಯ ಮೂಲೆಗಳು ಒಂದೇ ಫಲಕದ ಮೇಲೆ ಅಕ್ಕಪಕ್ಕ ಕುಳಿತಿದ್ದುವು. ನೋವು ಬಂದಾಗ ಇಬ್ಬರೂ ಹೊಸ್ತಿಲು ದಾಟಿ ಬಂದದ್ದು ಒಂದೇ ಬಾಗಿಲಿಗೆ. ವಿಶಾಖಪಟ್ಟಣದಲ್ಲಿಯೂ ನಮ್ಮ ಬೆಂಗಳೂರಿನಲ್ಲಿಯೂ ಗೋಷಾ ಹೆಸರಿನ ಆಸ್ಪತ್ರೆಗಳಾದುವು. ಹೀಗೆ ಮನೆಯಿಂದ ಹೊರಗೆ ಬರಬಾರದೆಂಬ ಮಾತು, ಮನೆಯಿಂದ ಹೊರಟವರು ತಲಪುವ ಸ್ಥಳದ ಹೆಸರಾಯಿತು. ಪದ್ಧತಿಗೆ ತಲೆಬಾಗಿಯೇ ಅದನ್ನು ದಾಟಿದ ಆ ವಿವೇಕಕ್ಕೆ ಎಷ್ಟು ತಾಯಂದಿರ ಪ್ರಾಣವು ಋಣಿಯಾಗಿದೆಯೋ!

ಈಗ ನನ್ನ ಬಿನ್ನಹವನ್ನು ಹೇಳಿ ಮುಗಿಸುತ್ತೇನೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ನಮ್ಮ ಭಾಷೆಯ ಮಹಾಸಂಪತ್ತು. ಶಾಸನಗಳನ್ನೂ ಕಾವ್ಯಗಳನ್ನೂ ಶೋಧಿಸಿ ವಿದ್ವಾಂಸರು ಅದನ್ನು ಕಟ್ಟಿದರು. ಆದರೆ ಶಾಸನದಲ್ಲಿಯೂ ಕಾವ್ಯದಲ್ಲಿಯೂ ಸೇರದ ಮಾತುಗಳು ಮೂಲೆಗಳಲ್ಲಿದ್ದುವು. ಬಾಣಂತಿಯ ಕೋಣೆಯ ಮಾತುಗಳು, ಕಷಾಯದ ಬೇರುಗಳ ಹೆಸರುಗಳು, ಹಿಟ್ಟಿನ ಹದದ ಹೆಸರುಗಳು, ಉರ್ದುವಿನ ಮನೆಗಳಲ್ಲಿ ಹೆಂಗಸರ ಬಾಯಲ್ಲಿ ಮಾತ್ರ ಬೆಳೆದ ಕನ್ನಡದ ಮಾತುಗಳು, ಇವುಗಳನ್ನು ಕೇಳಿ ಬರೆದುಕೊಂಡವರು ಕಡಿಮೆ. ಇವುಗಳನ್ನು ಬಲ್ಲವರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ತರುಣ ಸಂಶೋಧಕರು ಓಲೆಗರಿಗಳನ್ನು ಅರಸಿಕೊಂಡು ಹೋಗುವಷ್ಟೇ ಶ್ರದ್ಧೆಯಿಂದ ತಮ್ಮ ತಮ್ಮ ಮನೆಗಳ ನಡುಮನೆಗೆ ಹೋಗಿ ಕುಳಿತು ಕೇಳಬೇಕು. ಇಷ್ಟು ಕಾಲ ಅವರು ಕೇಳಿಸಿಕೊಂಡರು. ಇನ್ನು ಕೇಳಿಸಿಕೊಳ್ಳುವ ಸರದಿ ನಮ್ಮದು.

ನನ್ನ ಸೋದರತ್ತೆಯ ಬುಟ್ಟಿಯಲ್ಲಿ ಹೂಬತ್ತಿಯೆಂದು ಒಂದು ಬಗೆ, ಎಳೆಬತ್ತಿಯೆಂದು ಇನ್ನೊಂದು, ಲಕ್ಷಬತ್ತಿಯ ನೋಂಪಿಗೆ ಬೇರೆಯೇ ಒಂದು. ಗೆಜ್ಜೆವಸ್ತ್ರದ ಎಳೆಗೂ ಗಂಟಿಗೂ ಆಕೆಯಲ್ಲಿ ಹೆಸರುಗಳಿದ್ದುವು. ಅಮರಕೋಶದ ಒಂದು ಶಬ್ದ ಮರೆತಾಗ ಆಕೆ ನನಗೆ ಅದನ್ನು ಎತ್ತಿಕೊಟ್ಟಳು. ಆಕೆಯ ಕೋಶದ ಶಬ್ದಗಳಲ್ಲಿ ನನಗೆ ನೆನಪಿರುವುದು ಈ ನಾಲ್ಕೇ. ಉಳಿದವನ್ನು ನಾನು ಕೇಳಲಿಲ್ಲ.